ಗಂಟಲಿಗಿರುವ ಮರ್ಯಾದೆ ಕಿವಿಗಿಲ್ಲ

ಸಂಗೀತ ಕಚೇರಿಗೆ ಮುಂಚೆ ಗ್ರೀನ್ ರೂಮಿನಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ, ನಮ್ಮಲ್ಲಿ ಗಂಟಲಿಗೆ ಎಷ್ಟು ಉಪಚಾರ ಎಂದು ಗೊತ್ತಾಗುತ್ತದೆ. ಒಬ್ಬರ ಫ್ಲಾಸ್ಕಿನಲ್ಲಿ ಬಿಸಿನೀರು, ಇನ್ನೊಬ್ಬರದರಲ್ಲಿ ಮೆಣಸು ಜೀರಿಗೆ ಕಷಾಯ. ಪುಟ್ಟ ಡಬ್ಬಿಯಲ್ಲಿ ಕಲ್ಲುಸಕ್ಕರೆ, ಜ್ಯೇಷ್ಠಮಧುವಿನ ಚೂರು. ಸೀಸನ್ನಿನಲ್ಲಿ ಮೊಸರು ಬೇಡ, ಫ್ಯಾನಿನ ಕೆಳಗೆ ಕೂರಬೇಡ, ಪಾನಕಕ್ಕೆ ಐಸ್ ಹಾಕಿದ್ದಾರಾ ನೋಡು. ಇಷ್ಟೆಲ್ಲ ಮಾಡಿಯೂ ಗಂಟಲು ಕೆಟ್ಟರೆ ಮುಚ್ಚಿಡಬೇಕಾಗಿಲ್ಲ. ಮೈಕಿನಲ್ಲೇ "ಇವತ್ತು ಸ್ವಲ್ಪ ಗಂಟಲು ಸರಿ ಇಲ್ಲ, ಕ್ಷಮಿಸಬೇಕು" ಎಂದರೆ ಮುಂದಿನ ಸಾಲಿನ ಹಿರಿಯರು ಪಾಪ ಎಂದು ತಲೆಯಾಡಿಸುತ್ತಾರೆ. ಆಮೇಲೆ ತಾರಸ್ಥಾಯಿಯ ಪಂಚಮ ಮುಟ್ಟಿಬಿಟ್ಟರೆ ಚಪ್ಪಾಳೆ ಇನ್ನೂ ಜಾಸ್ತಿ. ಆದರೆ "ಇವತ್ತು ನನಗೆ ಒಂದು ಕಿವಿ ಕೇಳಿಸ್ತಿಲ್ಲ" ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿಲ್ಲ. ಕಿವಿ ಸರಿ ಇದ್ದ ಕಾಲದಲ್ಲೂ ಕೇಳಿಲ್ಲ.

ನಾನು ಪಿಟೀಲು ನುಡಿಸುತ್ತೇನೆ, ಹೆಚ್ಚಾಗಿ ಪಕ್ಕವಾದ್ಯ, ಅಂದರೆ ಹಾಡುವವರನ್ನು ಹಿಂಬಾಲಿಸಿ ನುಡಿಸುವುದು. ಕಳೆದ ರಾಮನವಮಿ ಸೀಸನ್ನಿನಲ್ಲಿ ನನ್ನ ಬಲಗಿವಿ ಮುಚ್ಚಿಕೊಂಡಿತು. ಬೆಂಗಳೂರಿನಲ್ಲಿ ರಾಮನವಮಿ ಒಂದು ದಿನದ ಹಬ್ಬವಲ್ಲ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾಗಿ, ಈಗ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ದೊಡ್ಡ ಉತ್ಸವ ಒಂದು ಕಡೆಯಾದರೆ, ಬಡಾವಣೆ ಬಡಾವಣೆಯ ರಾಮಮಂದಿರಗಳಲ್ಲಿ ಪೆಂಡಾಲು ಹಾಕಿ ನಡೆಯುವ ಕಚೇರಿಗಳು ಇನ್ನೊಂದು ಕಡೆ. ನಮ್ಮಂಥವರಿಗೆ ವರ್ಷದ ಕೆಲಸದಲ್ಲಿ ದೊಡ್ಡ ಪಾಲು ಆಗಲೇ ಸಿಗುವುದು. ಆಗಲೇ ಬೆಂಗಳೂರಿನ ಹವೆಯೂ ಕೆಡುವುದು. ಮಧ್ಯಾಹ್ನ ಉರಿ ಬಿಸಿಲು, ಸಂಜೆ ದಿಢೀರ್ ಮಳೆ, ರಸ್ತೆ ತುಂಬ ಹೊಂಗೆ ಹೂವು, ಮೆಟ್ರೋ ಕಾಮಗಾರಿಯ ಧೂಳು. ಶೀತ ಬಂತು, ಶೀತ ಹೋಯಿತು. ಕಿವಿ ಮಾತ್ರ ಹಿಂದಿರುಗಲಿಲ್ಲ.

ಬಲಗಿವಿ ಯಾರದು?

ಎಡಗಿವಿ ಹೋಗಿದ್ದರೆ ಇಷ್ಟು ಗಾಬರಿ ಆಗುತ್ತಿರಲಿಲ್ಲ. ಇದು ಸುಮ್ನೆ ಹೇಳುವ ಮಾತಲ್ಲ. ನಮ್ಮ ಕಚೇರಿಯಲ್ಲಿ ಹಾಡುವವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಮೃದಂಗದ ಬಲಮುಖ ಸಭೆಯ ಕಡೆ ಇರಬೇಕು ಎನ್ನುವುದರಿಂದ ಬಂದ ಏರ್ಪಾಡು ಇದು. ಮೃದಂಗ ವಿದ್ವಾನ್ ಪಳನಿ ಸುಬ್ರಮಣ್ಯ ಪಿಳ್ಳೆಯವರ ಹಾಗೆ ಎಡಗೈಯವರಾದರೆ ಎಲ್ಲ ಅದಲು ಬದಲು. ಅಂದರೆ ನಾನು ಕೂತ ಜಾಗದಿಂದ ಹಾಡುವವರು ಯಾವಾಗಲೂ ನನ್ನ ಬಲಕ್ಕೆ. ನನ್ನ ಪಿಟೀಲು ಎಡ ಎದೆಗೆ ಒರಗಿ, ಅದರ ತಲೆ ಬಲಗಾಲಿನ ಹರಡಿನ ಮೇಲೆ ಕೂತಿರುತ್ತದೆ. ಹೀಗಾಗಿ ಎಡಗಿವಿ ನನ್ನದು, ಬಲಗಿವಿ ಅವರದು. ಇಷ್ಟು ವರ್ಷ ನುಡಿಸಿದ್ದೇನೆ, ಈ ಪಾಲು ಆಗಿದೆ ಎನ್ನುವುದೇ ಗೊತ್ತಿರಲಿಲ್ಲ. ಬಲಗಿವಿ ಮುಚ್ಚಿದ ಮೇಲೆ ಉಳಿದದ್ದು ನನ್ನ ಪಿಟೀಲು ಮಾತ್ರ. ಪಕ್ಕವಾದ್ಯದವರಿಗೆ ಅದಕ್ಕಿಂತ ಬೇಡದ ವಸ್ತು ಬೇರೆ ಇಲ್ಲ.

ಶಿರಾಡಿ ಘಾಟಿ ಇಳಿಯುವಾಗ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುತ್ತದಲ್ಲ, ಒಮ್ಮೆ ಉಗುಳು ನುಂಗಿದರೆ ಟಪ್ ಎಂದು ಬಿಡುತ್ತದಲ್ಲ, ಆ ಬಿಡುವ ಕೆಲಸವೇ ನಿಂತುಹೋಗಿತ್ತು. ಮೂಗಿನ ಹಿಂಭಾಗದಿಂದ ಕಿವಿಯ ತಮಟೆಯ ಒಳಬದಿಗೆ ಮೂರೂವರೆ ಸೆಂಟಿಮೀಟರಿನಷ್ಟು ಉದ್ದದ ಒಂದು ಸಣ್ಣ ನಾಳ ಇದೆ. ಯುಸ್ಟೇಶಿಯನ್ ನಾಳ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಒಳಗಿನ ಗಾಳಿಯನ್ನೂ ಹೊರಗಿನ ಗಾಳಿಯನ್ನೂ ಸಮ ಮಾಡುತ್ತದೆ. ಶೀತಕ್ಕೆ ಅದರ ಗೋಡೆ ಊದಿಕೊಂಡರೆ ಒಳಗಿನ ಗಾಳಿ ಅಲ್ಲೇ ಹೀರಿಹೋಗಿ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎಳೆದುಕೊಂಡ ತಮಟೆ ಸರಿಯಾಗಿ ಅದುರುವುದಿಲ್ಲ. ಮೃದಂಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಸಾಧನೆಗೆ ಕೂತಾಗ ವಿಚಿತ್ರಗಳು ಒಂದೊಂದಾಗಿ ಗೊತ್ತಾದವು. ಹೊರಗಿನದೆಲ್ಲ ಮಂಕು, ಒಳಗಿನದೆಲ್ಲ ಜೋರು. ಕೋಡುಬಳೆ ಕಡಿದರೆ ತಲೆಯೊಳಗೆ ಪಾಲಿಕೆಯವರು ರಸ್ತೆ ಅಗೆದಷ್ಟು ಸದ್ದು. ಪಕ್ಕದ ಕೋಣೆಯಿಂದ ಕೂಗಿದರೆ ಎಲ್ಲಿಂದ ಎಂದು ತಿಳಿಯದು. ಸದ್ದಿನ ದಿಕ್ಕು ಗೊತ್ತಾಗಲು ಎರಡು ಕಿವಿಯ ಲೆಕ್ಕವೂ ಬೇಕಲ್ಲ.

ಇವೆಲ್ಲ ಸಹಿಸಬಹುದು. ನನ್ನನ್ನು ನಿಜವಾಗಿ ಕಂಗೆಡಿಸಿದ್ದು ತಂಬೂರಿ. ಫೋನಿನ ಆ್ಯಪ್ ಅಲ್ಲ, ಮನೆಯ ಮೂಲೆಯಲ್ಲಿರುವ ಹಳೆಯ ಮರದ ತಂಬೂರಿ. ಅದರ ಮಂದ್ರ ಷಡ್ಜದ ತಂತಿ ಸರಿಯಾಗಿ ಕೂತು, ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲು ಸರಿಯಾದ ಜಾಗಕ್ಕೆ ಬಂದಾಗ, ಯಾರೂ ಮೀಟದ ಅಂತರ ಗಾಂಧಾರವೊಂದು ಮೇಲೆ ತೇಲಿ ಬರುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಮಂದ್ರ ಷಡ್ಜದ ಐದು ಪಟ್ಟು ಕಂಪನದ ಸ್ವರ ಅದು. ಶ್ರುತಿ ಸೇರಿತು ಎನ್ನುವುದಕ್ಕೆ ನನಗೆ ಚಿಕ್ಕಂದಿನಿಂದಲೂ ಅದೇ ಗುರುತು. ಆ ಸಂಜೆ ಷಡ್ಜ ಇತ್ತು, ಪಂಚಮ ಇತ್ತು, ಗಾಂಧಾರ ಬರಲೇ ಇಲ್ಲ. ನೂಲನ್ನು ಒಂದು ಎಳೆ ಮುಂದೆ, ಒಂದು ಎಳೆ ಹಿಂದೆ ಸರಿಸಿ ನೋಡಿದೆ. ಬಿರಡೆ ತಿರುಗಿಸಿದೆ. ಆಮೇಲೆ ಎದ್ದು ತಂಬೂರಿಯ ಆ ಬದಿಗೆ ಹೋಗಿ, ಎಡಗಿವಿಯನ್ನು ಬುರುಡೆಯ ಹತ್ತಿರ ತಂದೆ. ಗಾಂಧಾರ ಅಲ್ಲೇ ಇತ್ತು, ಯಾವಾಗಲೂ ಇರುವಷ್ಟೇ. ಶ್ರುತಿ ನಾನು ಮುಟ್ಟುವ ಮುಂಚೆಯೇ ಸೇರಿತ್ತು. ನಾನು ಅದನ್ನು ಕೆಡಿಸುತ್ತಾ ಕೂತಿದ್ದೆ.

ಊರಿಗೆಲ್ಲ ವೈದ್ಯರು

ಮನೆಯವರಿಗೆ ಗೊತ್ತಾದದ್ದೇ ತಡ, ಸಲಹೆಗಳ ಮಳೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬಿಡು. ಎಣ್ಣೆಗೆ ಒಂದು ಎಸಳು ಬೆಳ್ಳುಳ್ಳಿ ಹಾಕು. ಒಂಟಿ ಕಾಲಲ್ಲಿ ಕುಪ್ಪಳಿಸು. ಮೂಗು ಹಿಡಿದು ಊದು. ಹಬೆ ತೆಗೆದುಕೋ. ಎದುರು ಮನೆಯವರು ಹತ್ತಿ ಸುತ್ತಿದ ಕಡ್ಡಿ ತಂದೇ ಬಿಟ್ಟರು. ಅದೊಂದು ಮಾತ್ರ ಯಾರು ಕೊಟ್ಟರೂ ಮುಟ್ಟಬೇಡಿ. ಗುಗ್ಗೆ ತಾನಾಗಿಯೇ ಹೊರಕ್ಕೆ ಸರಿಯುವ ವಸ್ತು, ಆ ಕಡ್ಡಿ ಅದನ್ನು ತಳ್ಳಿ ತಳ್ಳಿ ತಮಟೆಯ ಹತ್ತಿರ ಗಟ್ಟಿ ಮಾಡುತ್ತದೆ. ತಮಟೆಯಲ್ಲಿ ತೂತಿದೆಯೋ ಇಲ್ಲವೋ ಗೊತ್ತಿಲ್ಲದೆ ಎಣ್ಣೆ ಬಿಡುವುದೂ ಬೇಡ. ಹಬೆಯಿಂದ ಮೂಗಿಗೆ ಹಿತ, ಕಿವಿಗೆ ಅಷ್ಟೇನೂ ಇಲ್ಲ. ಶೀತದ ಮಾತ್ರೆಯಲ್ಲಿ ಇನ್ನೊಂದು ತೊಡಕು. ಮೂಗು ಒಣಗಿಸುವ ಮಾತ್ರೆ ಗಂಟಲನ್ನೂ ಒಣಗಿಸುತ್ತದೆ. ಹಾಡುವವರಾದರೆ ಕಿವಿ ಬೇಕೋ ಗಂಟಲು ಬೇಕೋ ಎಂದು ಆರಿಸಿಕೊಳ್ಳಬೇಕು. ಪಿಟೀಲಿನವರಿಗೆ ಆ ಕಷ್ಟವಿಲ್ಲ. ನಿದ್ದೆ ಬರದಂಥ ಮಾತ್ರೆ ಆದರೆ ಆಯಿತು.

ಕಚೇರಿಯ ಹಿಂದಿನ ದಿನ ಜಯನಗರದ ಕಡೆ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆ. ಕಾಯುವ ಕೋಣೆಯಲ್ಲಿ ಟೋಕನ್ ನಂಬರು ಕೂಗಿದ್ದು ಕೇಳಿಸದೆ ನನ್ನ ಸರದಿ ದಾಟಿಹೋಯಿತು. ಆ ವಿಭಾಗದಲ್ಲಾದರೂ ಬೋರ್ಡ್ ಹಾಕಬಾರದಾ?

ಒಳಗೆ ಹೋದರೆ ಡಾಕ್ಟರು ಮೊದಲು ತೆಗೆದದ್ದು ಟ್ಯೂನಿಂಗ್ ಫೋರ್ಕ್. ಮೊಣಕೈಗೆ ತಟ್ಟಿ, ಅದರ ಬುಡವನ್ನು ನನ್ನ ಹಣೆಯ ನಡುವೆ ಒತ್ತಿ ಹಿಡಿದು, "ಯಾವ ಕಡೆ ಕೇಳಿಸ್ತಿದೆ?" ಎಂದರು. ನನಗೆ ಮೊದಲು ಹೊಳೆದದ್ದು ಇದು ಬಿಳಿ ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆಯ, ಷಡ್ಜಕ್ಕಿಂತ ಇಳಿ ಎನ್ನುವುದು. ಆಮೇಲೆ ನೋಡಿದರೆ ಫೋರ್ಕಿನ ಮೇಲೆ 512 ಎಂದು ಕೆತ್ತಿತ್ತು, ಸೆಕೆಂಡಿಗೆ ಅಷ್ಟು ಕಂಪನ. ಹಾರ್ಮೋನಿಯಂನಲ್ಲಿ ಆ ಜಾಗದ ಸ್ವರ 523. ವೈದ್ಯರ ಷಡ್ಜ ಸಂಗೀತದವರ ಷಡ್ಜಕ್ಕಿಂತ ಇಳಿ ಎಂದು ಅವತ್ತು ತಿಳಿಯಿತು. ಕಿವಿ ಮುಚ್ಚಿದ್ದರೂ ಇಷ್ಟು ಗೊತ್ತಾಯಿತಲ್ಲ ಎಂದು ಒಳಗೊಳಗೇ ಖುಷಿ. ಆದರೆ ಅವರ ಪ್ರಶ್ನೆಗೆ ಉತ್ತರ ಹೇಳಲು ಹೋಗಿ ತಬ್ಬಿಬ್ಬಾದೆ. ಸದ್ದು ಕೇಳಿಸುತ್ತಿದ್ದದ್ದು ಬಲಗಿವಿಯಲ್ಲಿ. ಮುಚ್ಚಿದ ಕಿವಿಯಲ್ಲಿ! ಚೆನ್ನಾಗಿರುವ ಎಡಗಿವಿಯಲ್ಲಿ ಏನೂ ಇಲ್ಲ.

"ಸರಿಯಾಗಿದೆ" ಎಂದರು ಡಾಕ್ಟರು. ನೀವೂ ಈಗಲೇ ಮಾಡಿ ನೋಡಿ. ಬಾಯಿ ಮುಚ್ಚಿ ಹ್ಮ್ ಎಂದು ಒಂದು ಸ್ವರ ಹಿಡಿಯಿರಿ, ಒಂದು ಕಿವಿಯನ್ನು ಬೆರಳಿಂದ ಮುಚ್ಚಿ. ಸ್ವರ ಆ ಕಡೆಗೇ ಓಡುತ್ತದೆ. ಮೂಳೆಯ ಮೂಲಕ ಕಿವಿಗೆ ಬರುವ ಸದ್ದು ಸಾಮಾನ್ಯವಾಗಿ ಕಿವಿಯ ಬಾಯಿಂದ ಹೊರಗೂ ಸೋರಿಹೋಗುತ್ತದೆ. ಬಾಗಿಲು ಮುಚ್ಚಿದರೆ ಒಳಗೇ ಉಳಿಯುತ್ತದೆ. ಜೊತೆಗೆ ಹೊರಗಿನ ಗದ್ದಲವೂ ಇಲ್ಲ. ಹಳ್ಳಿಯ ಹಾಡುಗಾರರು, ಕೆಲವು ಹಿಂದೂಸ್ತಾನಿ ಗಾಯಕರು ಒಂದು ಕೈಯನ್ನು ಕಿವಿಗೆ ಒತ್ತಿಕೊಂಡು ಹಾಡುವುದನ್ನು ನೋಡಿದ್ದೇವಲ್ಲ. ತಮ್ಮ ದನಿ ತಮಗೆ ಸಿಗಲಿ ಎಂದೇ ಅದು. ನನಗೆ ಆ ಸೌಕರ್ಯ ಕೇಳದೆ ಸಿಕ್ಕಿತ್ತು, ಅದೂ ಇಡೀ ದಿನಕ್ಕೆ.

ಫೋರ್ಕನ್ನು ಒರೆಸಿ ಇಡುತ್ತಾ ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯಲೇಬೇಕು. ಸದ್ದು ಮುಚ್ಚಿದ ಕಿವಿಗೆ ಹೋದರೆ ತೊಂದರೆ ಸಾಮಾನ್ಯವಾಗಿ ದಾರಿಯಲ್ಲಿದೆ ಎಂದರ್ಥ: ಗುಗ್ಗೆ, ಶೀತ, ನೀರು. ಅದೇ ಸದ್ದು ಚೆನ್ನಾಗಿರುವ ಕಿವಿಯ ಕಡೆಗೆ ಓಡಿದರೆ, ತೊಂದರೆ ಒಳಕಿವಿಯಲ್ಲೋ ನರದಲ್ಲೋ ಇರಬಹುದು. ಒಂದೇ ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋಗುವ ಕಾಯಿಲೆಯೊಂದಿದೆ. ಅದೂ ಮೊದಲಿಗೆ 'ಕಿವಿ ಕಟ್ಟಿದ ಹಾಗೆ' ಅಷ್ಟೇ ಅನ್ನಿಸುತ್ತದೆ. ಶೀತ ಇರಬೇಕು ಎಂದು ಜನ ವಾರಗಟ್ಟಲೆ ಸುಮ್ಮನಿರುತ್ತಾರೆ. ಅದಕ್ಕೆ ಕೊಡುವ ಸ್ಟೆರಾಯ್ಡ್ ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ಬೆಲೆಯುಳ್ಳವು. ಹೊರಗಿನಿಂದ ಎರಡೂ ಒಂದೇ ಥರ. ಬೇರೆ ಬೇರೆ ಎಂದು ಸುಳಿವು ಕೊಡುವುದು ಈ ಪುಟ್ಟ ಲೋಹದ ಕಡ್ಡಿ, ಆಮೇಲೆ ಖಚಿತ ಮಾಡುವುದು ಕೇಳುವ ಶಕ್ತಿ ಅಳೆಯುವ ಆಡಿಯೋಮೀಟರ್.

ನನ್ನದು ಗುಗ್ಗೆ ಮತ್ತು ಶೀತ ಎರಡೂ ಸೇರಿದ ಕೇಸು. ಗುಗ್ಗೆಯನ್ನು ಪಿಚಕಾರಿಯಿಂದ ತೊಳೆದು ತೆಗೆದರು. ಅದಕ್ಕೆ ನೀರು ಮೈಯಷ್ಟೇ ಬೆಚ್ಚಗಿರಬೇಕು, ತಣ್ಣೀರಾದರೆ ತಲೆ ಗಿರ್ರೆನ್ನುತ್ತದೆ. ಅರ್ಧ ಕಿವಿ ವಾಪಸ್ ಬಂತು. ಉಳಿದರ್ಧ ತಮಟೆಯ ಆ ಬದಿಯದು. "ಅದು ಅದರ ಪಾಡಿಗೆ ಬಿಡುತ್ತೆ, ಅವಸರ ಮಾಡಿ ಆಗಲ್ಲ." ನಾಳೆ ಸಂಜೆ ಕಚೇರಿ ಇದೆ ಎಂದೆ. "ನುಡಿಸಿ, ಅದಕ್ಕೇನು? ಮೂಗು ಜೋರಾಗಿ ಸೀದಬೇಡಿ ಅಷ್ಟೇ." ಅದಕ್ಕೇನು ಎಂದು ಅವರಿಗೆ ಹೇಗೆ ಹೇಳುವುದು.

ಶೀಟಿನ ಮೇಲೆ ಮಳೆ

ಹಾಡುವವರಿಗೆ ನಾನು ಹೇಳಲಿಲ್ಲ. ಸೌಂಡಿನ ಹುಡುಗನಿಗೆ ಮಾತ್ರ, ನಮಗೆ ಕೇಳಿಸಲೆಂದು ವೇದಿಕೆಯ ಮೇಲೇ ಇಡುವ ನನ್ನ ಮಾನಿಟರ್ ಸ್ಪೀಕರನ್ನು ಬಲಗಡೆಯಿಂದ ತೆಗೆದು ಎಡಗಡೆಗೆ ಇಡು ಎಂದೆ. ಅದರಲ್ಲಿ ಹಾಡು ಮತ್ತು ತಂಬೂರಿ ಬರಲಿ, ಪಿಟೀಲು ಬೇಡವೇ ಬೇಡ. ಅವನು ಎರಡೆರಡು ಸಲ ಕೇಳಿದ. ನನ್ನದು ನನಗೆ ಬೇಡ ಎನ್ನುವ ಕಲಾವಿದರನ್ನು ಅವನು ಅದಕ್ಕೂ ಮೊದಲು ಕಂಡಿರಲಿಲ್ಲವಂತೆ. ನುಡಿಸುತ್ತಾ ನಾನು ನನ್ನನ್ನು ಕೇಳಿಸಿಕೊಂಡದ್ದು ಮೈಯಿಂದ. ಪಿಟೀಲು ತಾಗಿದ ಭುಜದ ಮೂಳೆ, ತಲೆ ಕೂತ ಕಾಲಿನ ಹರಡು. ಮಂದ್ರದ ತಂತಿ ಎಳೆದರೆ ಹರಡಿನಲ್ಲಿ ಸಣ್ಣಗೆ ಝುಂ ಎನ್ನುತ್ತದೆ. ಅದೂ ನನಗೆ ಹೊಸ ವಿಷಯ.

ವರ್ಣ, ಚಿಕ್ಕ ಕೃತಿಗಳು ಎಲ್ಲ ಪಾರಾದವು. ಗೊತ್ತಿರುವ ಕೃತಿಗೆ ಕಿವಿ ಅರ್ಧ ಸಾಕು. ಮುಖ್ಯ ರಾಗ ತೋಡಿ ಬಂತು. ತೋಡಿಯ ಗಾಂಧಾರ ಒಬ್ಬೊಬ್ಬರದು ಒಂದೊಂದು ಥರ. ಕೆಲವರು ಷಡ್ಜದ ಹತ್ತಿರದಿಂದ ಎತ್ತಿ ಅಗಲವಾಗಿ ತೂಗುತ್ತಾರೆ, ಕೆಲವರು ಚಿಕ್ಕದಾಗಿ ಅಲುಗಿಸಿ ಬಿಡುತ್ತಾರೆ. ಪಕ್ಕವಾದ್ಯದ ಕೆಲಸ ಅವರ ಗಾಂಧಾರವನ್ನು ಹಿಡಿಯುವುದು, ನಮ್ಮ ಗಾಂಧಾರ ಮನೆಯಲ್ಲಿರಲಿ. ಅವರು ದನಿ ಇಳಿಸಿ ಅಲ್ಲೇ ಸುಳಿದಾಡುವಾಗ ನನಗೆ ಸಿಕ್ಕುತ್ತಿದ್ದದ್ದು ಸ್ವರದ ಮೊದಲು ಕೊನೆ ಮಾತ್ರ. ನಡುವಿನ ತೂಗು ಕಳೆದುಹೋಗುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಅವರ ಎಡಗೈ. ತೊಡೆಯ ಮೇಲಿದ್ದ ಕೈಯ ಬೆರಳುಗಳು ಗಮಕದ, ಅಂದರೆ ಆ ಸ್ವರದ ತೂಗಿನ, ಜೊತೆಗೇ ಏಳುತ್ತಿದ್ದವು, ಇಳಿಯುತ್ತಿದ್ದವು. ದವಡೆಯ ಕೆಳಗಿನ ನರವೂ ಅಷ್ಟೇ. ಇಷ್ಟು ಕಾಲ ಈ ಕಲಾವಿದರಿಗೆ ನುಡಿಸಿದ್ದೇನೆ, ಅವರ ಗಾಂಧಾರವನ್ನು ಕಣ್ಣಲ್ಲಿ ನೋಡಿದ್ದು ಅವತ್ತೇ. ಎಲ್ಲ ಹಿಡಿದೆ ಎಂದರೆ ಸುಳ್ಳಾಗುತ್ತದೆ. ಎರಡು ಕಡೆ ಅವರು ಹಾಡಿದ ಸಂಗತಿಗೆ ನನ್ನ ಉತ್ತರ ಬೇರೆಯೇ ಊರಿನದು. ಅವರು ಸಣ್ಣಗೆ ನಕ್ಕು ಮುಂದೆ ಹೋದರು.

ಆಗಿಂದಾಗ್ಗೆ ಹೊಸೆದು ಹಾಡುವ ಕಲ್ಪನಾಸ್ವರದ ನಡುವೆ ಮಳೆ ಬಂತು. ಪೆಂಡಾಲಿನ ಮೇಲೆ ತಗಡಿನ ಶೀಟು. ಬೆಂಗಳೂರಿನ ಅಶ್ವಿನಿ ಮಳೆ ಹೇಗೆ ಸುರಿಯುತ್ತದೆ ಎಂದು ಹೇಳಬೇಕಾ? ಒಂದು ನಿಮಿಷದೊಳಗೆ ವೇದಿಕೆಯ ಮೇಲೆ ಯಾರಿಗೂ ಯಾರೂ ಕೇಳಿಸುತ್ತಿಲ್ಲ. ಹಾಡುವವರು ಮೃದಂಗದವರ ಮುಖ ನೋಡುತ್ತಾರೆ, ಮೃದಂಗದವರು ತಾಳದ ಕೈ ನೋಡುತ್ತಾರೆ, ಘಟದವರು ಎಲ್ಲರನ್ನೂ ನೋಡುತ್ತಾರೆ. ನಾನು ಮಾತ್ರ ಏನೂ ಬದಲಿಸಬೇಕಾಗಲಿಲ್ಲ. ಮೊದಲಿಂದಲೂ ಹಾಗೇ ನುಡಿಸುತ್ತಿದ್ದೆನಲ್ಲ! ಮಳೆ ನಿಂತ ಮೇಲೆ ಮೃದಂಗ ಘಟದವರ ತನಿ ಆವರ್ತನ ಮುಗಿಸಿ, ಮಂಗಳ ಹಾಡಿ, ಕೋಸಂಬರಿ ತಿನ್ನುವಾಗ ಆಯೋಜಕರೊಬ್ಬರು ಬಂದು "ಮಳೆಯಲ್ಲೂ ಎಷ್ಟು ಚೆನ್ನಾಗಿ ಫಾಲೋ ಮಾಡಿದಿರಿ" ಎಂದರು. ಮಳೆಯಿಲ್ಲದಾಗಿನ ಬಗ್ಗೆ ಏನೂ ಹೇಳಲಿಲ್ಲ.

ಕಿವಿ ಪೂರ್ತಿ ಬಿಟ್ಟದ್ದು ಆಮೇಲೆ ಒಂದು ದಿನ, ಹಸಿರು ಮೆಟ್ರೋದಲ್ಲಿ. ನ್ಯಾಷನಲ್ ಕಾಲೇಜು ದಾಟಿ ರೈಲು ನೆಲದೊಳಕ್ಕೆ ಇಳಿಯುವಾಗ ಸುಮ್ಮನೆ ಆಕಳಿಸಿದೆ, ಟಪ್ ಎಂದಿತು. ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು ಮೇಲೆ ಬಂದರೆ ಹಾರ್ನಿನ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳಬೇಕಾಯಿತು.

ಯಾಕೆ ಹೇಳುವುದಿಲ್ಲ?

ಹಾಡುವವರಿಗೆ ಯಾಕೆ ಹೇಳಲಿಲ್ಲ ಎನ್ನುವುದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಅವರು ಒಳ್ಳೆಯವರು, ಹೇಳಿದ್ದರೆ ನನ್ನ ಕಡೆ ತಿರುಗಿ ಕೂರುತ್ತಿದ್ದರು. ಆದರೆ ನಮ್ಮ ಲೋಕದಲ್ಲಿ ಗಂಟಲು ಕೆಟ್ಟರೆ ಅದು ಹವೆಯ ತಪ್ಪು. ಕಿವಿ ಕೆಟ್ಟರೆ ಅದು ವಿದ್ಯೆಗೇ ಬಂದ ಕುಂದು. ನನಗೆ ಗೊತ್ತಿದ್ದ ಹಿರಿಯ ಪಿಟೀಲು ವಾದಕರೊಬ್ಬರಿದ್ದರು. ಅವರು ಹಿಯರಿಂಗ್ ಏಡ್ ಹಾಕಿಕೊಂಡದ್ದನ್ನು ಯಾರೋ ನೋಡಿದರು. "ಅವರಿಗೆ ಕಿವಿ ಹೋಗಿದೆಯಂತೆ" ಎಂಬ ಮಾತು ಸಭೆಯಿಂದ ಸಭೆಗೆ ನಡೆಯಿತು. ಮುಂದಿನ ಸೀಸನ್ನಿಗೆ, ವರ್ಷವೂ ಕರೆಯುತ್ತಿದ್ದ ಸಭೆಯೊಂದರಿಂದ ಫೋನು ಬರಲಿಲ್ಲ. ಅವರು ಏಡ್ ಹಾಕಿಕೊಳ್ಳುವ ಮುಂಚೆಯೂ ಕೇಳುತ್ತಿರಲಿಲ್ಲ, ಆಗ ಕರೆ ಬರುತ್ತಿತ್ತು! ಕನ್ನಡಕ ಹಾಕಿಕೊಂಡು ಟ್ಯಾಬ್ ನೋಡಿ ಸಾಹಿತ್ಯ ಹಾಡುವವರಿಗೆ ಕಣ್ಣು ಹೋಗಿದೆ ಎಂದು ಯಾರಾದರೂ ಹೇಳುತ್ತಾರಾ?

ಆ ಯಂತ್ರದಿಂದ ಅವರಿಗೆ ಸುಖವೂ ಸಿಗಲಿಲ್ಲ, ಅದು ಬೇರೆ ಮಾತು. ಆ ಯಂತ್ರಗಳನ್ನು ಮುಖ್ಯವಾಗಿ ಮಾತು ಕೇಳಿಸಲು ಮಾಡಿರುತ್ತಾರೆ. ತನ್ನ ಸ್ಪೀಕರಿನ ಸದ್ದು ತನ್ನ ಮೈಕಿಗೇ ಹೋಗಿ ಕುಯ್ ಎನ್ನದಿರಲಿ ಎಂದು ಅದರಲ್ಲಿ ಒಂದು ತಡೆ ಇರುತ್ತದೆ. ಪಿಟೀಲಿನಲ್ಲಿ ಒಂದೇ ಸ್ವರ ಹಿಡಿದು ನಿಲ್ಲುವ ಉದ್ದನೆಯ ಕಾರ್ವೆಯನ್ನು ಅದು ಆ ಕುಯ್ ಎಂದೇ ತಿಳಿದು ಅಳಿಸಲು ಹೋಗುತ್ತದೆ. ತಾರ ಷಡ್ಜ ಹಿಡಿದು ನಿಂತರೆ ಕಿವಿಯೊಳಗೆ ಅದು ನಡುಗುತ್ತದಂತೆ. ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಮ್ ಹಾಕಿಸಿ ಆ ತಡೆಯನ್ನು ಕಡಿಮೆ ಮಾಡಿಸಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಲು ಅವರೂ ಹೋಗಿರಲಿಲ್ಲ. ಕೇಳಬೇಕೆಂದರೆ ಮೊದಲು ಹೇಳಬೇಕಲ್ಲ.

ಕೊನೆಗೆ ನಾನು ಬಾಯಿ ಬಿಟ್ಟದ್ದು ಮೃದಂಗದವರ ಹತ್ತಿರ, ಕಾರಿನಲ್ಲಿ ವಾಪಸ್ ಬರುವಾಗ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನನಗೆ ರಾತ್ರಿ ಮಲಗಿದಾಗ ಎರಡೂ ಕಿವೀಲಿ ಸೊಂಯ್ ಅಂತಿರುತ್ತೆ, ಅಭ್ಯಾಸ ಆಗೋಗಿದೆ" ಎಂದರು. ನನ್ನದು ಬಂದು ಹೋಗುವಂಥದ್ದು. ಅವರದು ಹಾಗಲ್ಲ, ಜೋರು ಸದ್ದಿನಿಂದಲೇ ಬಂದದ್ದು ಇರಬೇಕು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದರು. ಈಗ ನಾಲ್ಕು ತಂತಿಗೆ ಒಂದು ಮೈಕ್, ಮೃದಂಗಕ್ಕೆ ಎರಡು, ಪ್ರತಿಯೊಬ್ಬರ ಮುಂದೆ ಒಂದು ಮಾನಿಟರ್. ಒಬ್ಬರು ತಮ್ಮದನ್ನು ಏರಿಸಿದರೆ ಪಕ್ಕದವರಿಗೆ ಅವರದು ಕೇಳದು, ಅವರೂ ಏರಿಸುತ್ತಾರೆ. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ 85 ಡೆಸಿಬೆಲ್ ದಾಟಬಾರದು ಎಂದು ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸಂಸ್ಥೆ ನಿಯೋಶ್ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ನಮ್ಮ ಕಚೇರಿ ಎರಡೂವರೆ ಗಂಟೆ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಸಿಗುತ್ತದೆ, ಪೂರ್ತಿ ನಿಖರವಲ್ಲದಿದ್ದರೂ ಅಂದಾಜಿಗೆ ಸಾಕು. ಸೌಂಡ್ ಚೆಕ್ ಮಾಡುವಾಗ ಮಾನಿಟರ್ ಮುಂದೆ ಹಿಡಿದು ನೋಡಿ.

ಬಲಗಿವಿ ಬಿಟ್ಟಿದ್ದರೂ ಅಭ್ಯಾಸ ಬಿಟ್ಟಿಲ್ಲ. ಈಗ ಕಚೇರಿಗೆ ಕರೆ ಬಂದರೆ ನಾನು ಮೊದಲು ಕೇಳುವುದು ಸೌಂಡ್ ಯಾರದು, ಮಾನಿಟರ್ ಎಡಕ್ಕಿಡಲು ಜಾಗ ಇದೆಯಾ, ತಗಡಿನ ಶೀಟಾ ಅಂತ. ಸಂಭಾವನೆ ಎರಡನೆಯದು. ಅದನ್ನು ಹೇಳುವಾಗ ಆಯೋಜಕರ ದನಿ ಇಳಿಯುತ್ತದೆ, ಹಾಗಾಗಿ ಫೋನನ್ನು ಎಡಗಿವಿಗೆ ಹಿಡಿಯುತ್ತೇನೆ.